ದೊಡ್ಡ ನೀಲಿಯ ಬೆನ್ನು

ಗಾಜಿನ ಪೆಟ್ಟಿಗೆಯೊಳಗೆ ಕಲ್ಲು ಇರಲಿಲ್ಲ. ನೀರಿತ್ತು, ನೀಲಿ ನೀರು.

“ಮುಟ್ಟಬೇಡಿ ಸಾರ್,” ಎಂದಳು ಉಡ.

ಮ್ಯಾನೇಜರ್ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಒಂದು ಕಾಲಕ್ಕೆ ಇಡೀ ತಾಮ್ರದ ಗಣಿಯನ್ನು ಕಣ್ಸನ್ನೆಯಲ್ಲೇ ಆಡಿಸಿದವನು. ನಿವೃತ್ತನಾಗಿ ಎಷ್ಟೋ ವರ್ಷವಾದರೂ ಬೀದಿಯವರಿಗೆಲ್ಲ ಅವನು ಇನ್ನೂ ಮ್ಯಾನೇಜರೇ. ಈಗ ಗುಂಡಿ ತಪ್ಪಿ ಹಾಕಿದ ಅಂಗಿಯಲ್ಲಿ, ಹೆತ್ತ ಮಗುವನ್ನು ಕಳೆದುಕೊಂಡವನ ಹಾಗೆ ನಿಂತಿದ್ದ.

“ನಿನ್ನೆ ಸಂಜೆ ನೋಡಿದಾಗ ಇತ್ತು. ಉಗುರಿನಷ್ಟುದ್ದದ ಹರಳುಗಳು, ಒಂದಕ್ಕೊಂದು ಒರಗಿಕೊಂಡು...” ಬೆರಳಲ್ಲಿ ಅಳತೆ ತೋರಿಸಿದ.

“ಮೈಲುತುತ್ತ ಅಲ್ವಾ?”

“ಅಂಗಡೀಲಿ ಪೊಟ್ಟಣ ಕಟ್ಟಿ ಕೊಡೋ ಮೈಲುತುತ್ತ ಅಲ್ಲ ಅದು.” ಅವನ ದನಿಯಲ್ಲಿ ಹಳೆಯ ಗತ್ತು ಒಂದು ಕ್ಷಣ ಇಣುಕಿತು. “ಗಣಿಯ ಗೋಡೆ ಮೇಲೆ ತಾನಾಗೇ ಬೆಳೆದದ್ದು. ಹಾಗೆ ಬೆಳೆದು ಹಾಗೇ ಉಳಿದದ್ದು ಎಲ್ಲಿ ಸಿಗತ್ತೆ ಹೇಳಿ. ಒಂದು ತೊಟ್ಟು ನೀರು ಸೋಕಬಾರದು ಅಂತ ಈ ಕೋಣೆಗೆ ಕುಡಿಯೋಕೂ ಲೋಟ ತರ್ತಿರಲಿಲ್ಲ ನಾನು.”

ಹೋದ ವಾರ ಇದೇ ಕಪಾಟಿನ ಅಜುರೈಟ್ ಕಲ್ಲೊಂದನ್ನು, ನಡುರಾತ್ರಿಯ ಆಕಾಶದಂಥ ಕಡುನೀಲಿಯದನ್ನು, ಯಾರೋ ಬೆಂಕಿಯಲ್ಲಿ ಕಾಯಿಸಿ, ಇದ್ದಿಲಿನಷ್ಟು ಕಪ್ಪಾದ ಮೇಲೆ ಮತ್ತೆ ಅದರ ಜಾಗದಲ್ಲೇ ತಂದಿಟ್ಟಿದ್ದರು. ಅದನ್ನು ಪತ್ತೆ ಮಾಡಲೆಂದೇ ಉಡಳನ್ನು ಕರೆಸಿದ್ದು. ಅವಳ ಕಣ್ಣೆದುರೇ ಈಗ ಎರಡನೆಯದೂ ಹೋಗಿತ್ತು.

ಉಡ ಅನ್ನುವುದು ಅವಳ ಹೆಸರಲ್ಲ. ಪೊಲೀಸ್ ಇಲಾಖೆಯಲ್ಲಿದ್ದಾಗ ಜೊತೆಯವರು ಇಟ್ಟದ್ದು, ಹಿಡಿದರೆ ಬಿಡುವವಳಲ್ಲ ಎಂದು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಯ ಬೋರ್ಡು ತೂಗುಹಾಕಿದ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ.

ಅವಳು ಪೆಟ್ಟಿಗೆಯ ಮೇಲೆ ಬಗ್ಗಿದಳು. ಮುಖ ಮಾತ್ರ ಮ್ಯಾನೇಜರನಿಗೆ ಕಾಣದಂತೆ ತಿರುಗಿಸಿಕೊಂಡಳು. ಏಕೆಂದರೆ ತುಟಿಯಂಚಿನಲ್ಲಿ ನಗು ಬಂದು ನಿಂತಿತ್ತು.

ಅಳು, ಎಂದಿತು ಅವಳ ಮನಸ್ಸು. ಚೆನ್ನಾಗಿ ಅಳು. ನಮ್ಮಮ್ಮ ಅತ್ತದ್ದರಲ್ಲಿ ಕಾಲು ಭಾಗವಾದರೂ ಅಳು.

ಅವಳು ಇನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ ಈ ಮನುಷ್ಯನ ಗಣಿಯೊಳಗೆ ಒಂದು ಸುರಂಗ ಕುಸಿದಿತ್ತು. ಒಳಗಿದ್ದವರ ಹೆಣ ಕೂಡ ಸಿಗಲಿಲ್ಲ. ಕೊನೆಗೆ ಸುರಂಗದ ಬಾಯಿಗೆ ಕಲ್ಲುಮಣ್ಣು ತುಂಬಿ ಮುಚ್ಚಿದರು. ಸಿಡಿಮದ್ದಿನ ಮೇಸ್ತ್ರಿ ಮಿತಿಮೀರಿ ಮದ್ದು ತುಂಬಿದ್ದೇ ಕಾರಣ ಎಂದು ಮ್ಯಾನೇಜರ್ ವಿಚಾರಣೆಯಲ್ಲಿ ಎದೆ ಮುಟ್ಟಿಕೊಂಡು ಹೇಳಿದ್ದ. ಮಣ್ಣಿನಡಿ ಉಳಿದವರ ಪಟ್ಟಿಯಲ್ಲಿ ಮೇಸ್ತ್ರಿಯ ಹೆಸರೂ ಇತ್ತು. ಸತ್ತವನು ಎದ್ದು ಬಂದು ಅಲ್ಲ ಎನ್ನಲಾರ.

ಆ ಮೇಸ್ತ್ರಿ ಉಡಳ ಅಪ್ಪ.

ಮ್ಯಾನೇಜರನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾವನ್ನು ಮನೆಗೆ ಕರೆಯುತ್ತಿದ್ದನೇ?

“ಕಪಾಟಿನ ಮೇಲಿನ ಅರೆ ಖಾಲಿ ಇದೆಯಲ್ಲ ಸಾರ್. ನಿಮ್ಮ ಆ ಹೆಸರಾಂತ ಕಲ್ಲು, ದೊಡ್ಡ ನೀಲಿ, ಎಲ್ಲಿ?”

“ಭದ್ರವಾಗಿದೆ.” ಅವನು ದನಿ ತಗ್ಗಿಸಿದ. “ಇದನ್ನ ನೋಡಿದ ಕೂಡಲೇ ಅದನ್ನ ತೆಗೆಸಿಬಿಟ್ಟೆ. ನಾನು ನಂಬೋ ಒಬ್ಬರ ಹತ್ತಿರ ಇದೆ. ಯಾರು ಅಂತ ನಿಮಗೂ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಅದೊಂದು ಹೋದ್ರೆ ನಾನು ಇದ್ದೂ ಇಲ್ಲ.”

ಉಡ ತಲೆಯಾಡಿಸಿ ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿದಳು. ಮೂಲೆಯ ಬಿರುಕಿನಿಂದ ನೀಲಿ ನೀರು ಒಸರಿ ಕೆಳಗಿಳಿದಿತ್ತು. ಆದರೆ ಮರದ ಅರೆಗೆ ಒಂದು ಕಲೆಯೂ ತಾಗಿರಲಿಲ್ಲ. ಪೆಟ್ಟಿಗೆಯ ಅಡಿಯಲ್ಲಿ ಬಟ್ಟೆಯೊಂದು ಇತ್ತು. ಹಳೆಯ ಟವೆಲಿನ ತುಂಡು, ಅಂಚು ಒಳಗೆ ಮಡಚಿ, ಚೌಕಾಕಾರ ಮಾಡಿ, ನೀರೆಲ್ಲ ಅದರಲ್ಲೇ ಇಂಗಲಿ ಎಂದು ಇಟ್ಟದ್ದು.

ಅವಳು ಅದನ್ನು ಬಹಳ ಹೊತ್ತು ನೋಡಿ, ಜೇಬಿಗೆ ಹಾಕಿಕೊಂಡಳು.

ಇನ್ನೊಬ್ಬರ ಜೀವದಂಥ ವಸ್ತುವನ್ನು ಕರಗಿಸಲು ಬಂದವರು ಮರಕ್ಕೆ ಕಲೆ ಆದೀತೆಂದು ಯಾಕೆ ಯೋಚಿಸಬೇಕು?

*

ಕಲ್ಲುಗಳ ಕೋಣೆಗೆ ಕಾಲಿಡಲು ಅಪ್ಪಣೆ ಇದ್ದವರು, ಮ್ಯಾನೇಜರನನ್ನು ಬಿಟ್ಟರೆ ಇಬ್ಬರೇ. ಮನೆ ನೋಡಿಕೊಳ್ಳುವ ಅವನ ಅಕ್ಕ ಒಬ್ಬಳು. ಕಲ್ಲುಗಳನ್ನು ಚೊಕ್ಕ ಮಾಡಿಕೊಡುವ ಸೂಜಿ ಇನ್ನೊಬ್ಬ. ಹರಳುಗಳ ಸಂದಿಯ ಮಣ್ಣನ್ನು ಸೂಜಿಯ ಮೊನೆಯಿಂದ ಕೆದಕಿ ತೆಗೆಯುವುದು ಅವನ ಕಸುಬು, ಹೆಸರೂ ಅದರಿಂದಲೇ ಅಂಟಿದ್ದು.

ಸೂಜಿಯ ಕೆಲಸದ ಕೋಣೆ ಎರಡು ಬೀದಿ ಆಚೆ, ಟೈರ್ ಅಂಗಡಿಯ ಮೇಲಿತ್ತು. ಉಡ ಹೋದಾಗ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ಎದ್ದೇಳಲಿಲ್ಲ.

“ನನ್ನನ್ನೇ ಮೊದಲು ಹಿಡೀತೀರಿ ಅಂತ ಗೊತ್ತಿತ್ತು,” ಎಂದ.

“ಮ್ಯಾನೇಜರ್ ನಾಲ್ಕು ಜನರ ಮುಂದೆ ನಿಮ್ಮನ್ನ ಕಳ್ಳ ಅಂದ್ರಂತೆ.”

“ಅಂದ್ರು. ಮುರಿದ ಹರಳನ್ನ ಗೋಂದು ಹಾಕಿ ಅಂಟಿಸಿದ್ದೀನಿ ಅಂದ್ರು. ಅಂಟಿಸಿದ್ದೆ ಕೂಡ. ಮುರಿದವರು ಅವರು, ಬೈಸಿಕೊಂಡವನು ನಾನು.”

“ಸೇಡು ತೀರಿಸ್ಕೊಳ್ಳೋಣ ಅನ್ನಿಸಲಿಲ್ವಾ?”

ಸೂಜಿ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. “ಅನ್ನಿಸ್ತು. ಆದ್ರೆ ನಾನಾಗಿದ್ರೆ ಕದೀತಿದ್ದೆ ಮೇಡಂ. ಅಂಥ ಕಲ್ಲನ್ನ ನೀರಿಗೆ ಹಾಕೋಕೆ ಮನಸ್ಸು ಬರತ್ತಾ? ಕಳ್ಳನಿಗೆ ಕಲ್ಲು ಬೇಕು. ಇದನ್ನ ಮಾಡಿದವರಿಗೆ ಕಲ್ಲು ಬೇಕಾಗಿಲ್ಲ. ಆ ಮನುಷ್ಯನೇ ಬೇಕು.”

ಉಡಳಿಗೆ ಆ ಮಾತು ಎಲ್ಲೋ ನಾಟಿತು. ಅವಳೂ ಈ ಕೆಲಸ ಒಪ್ಪಿಕೊಂಡದ್ದು ಅದಕ್ಕೇ.

“ದೊಡ್ಡ ನೀಲಿಯನ್ನ ನೀವು ಕೊನೆಗೆ ಯಾವಾಗ ನೋಡಿದ್ರಿ?”

“ಈಚೆಗೇ. ಅದರ ಮರದ ಪೀಠ ಹುಳ ಹಿಡಿದಿತ್ತು. ಹೊಸದು ಮಾಡಿಸ್ತೀನಿ ಅಂತ ಹಳೇದನ್ನ ಬಿಡಿಸಿದೆ. ಕಲ್ಲನ್ನ ಬರಿಗೈಯಲ್ಲಿ ಕೊಂಡೊಯ್ದದ್ದು ಅಕ್ಕ. ಪಾಪ, ಬಾಗಿಲ ಹತ್ತಿರ ನಿಂತು ಅದನ್ನ ತಿರುಗಿಸಿ ನೋಡಿ, ತಲೆ ಸುತ್ತು ಬಂದು ಕೂತುಬಿಟ್ರು. ನೀರು ಕೊಟ್ಟೆ.”

“ಏನು ನೋಡಿ?”

“ಕಲ್ಲಿನ ಬೆನ್ನು, ಪೀಠದಲ್ಲಿ ಮುಚ್ಚಿಹೋಗಿದ್ದ ಕಡೆ. ಅಲ್ಲೇನಿದೆ, ಬರೀ ಬಂಡೆ.”

ಉಡ ಮೆಟ್ಟಿಲಿಳಿಯುತ್ತ ಜೇಬಿನಿಂದ ಆ ಟವೆಲಿನ ತುಂಡನ್ನು ತೆಗೆದಳು. ಒದ್ದೆಯಾಗಿ ನೀಲಿಗಟ್ಟಿದ್ದರೂ ಮಡಿಕೆಯ ಗೆರೆಗಳು ಚಾಕುವಿನಲ್ಲಿ ಎಳೆದ ಹಾಗೆ ಚೂಪಾಗಿದ್ದವು. ಇಸ್ತ್ರಿ ಹಾಕಿದ ಬಟ್ಟೆ. ಒರೆಸುವ ಚಿಂದಿಗೂ ಇಸ್ತ್ರಿ ಹಾಕುವವರು ಯಾರಿದ್ದಾರೆ?

*

ಅಡುಗೆಮನೆಯ ಹಿಂದಿನ ಕಿರುಕೋಣೆಯಲ್ಲಿ ಅಕ್ಕ ತಮ್ಮನ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ಮ್ಯಾನೇಜರ್ ಊಟ ಮುಗಿಸಿ ಮಲಗಿದ್ದ. ಅವನ ಗೊರಕೆ ಪಡಸಾಲೆಯವರೆಗೂ ಕೇಳುತ್ತಿತ್ತು.

ಉಡ ಟವೆಲಿನ ತುಂಡನ್ನು ಇಸ್ತ್ರಿ ಮೇಜಿನ ತುದಿಗೆ ಇಟ್ಟಳು.

ಅಕ್ಕ ಅದನ್ನು ನೋಡಿದಳು. ಕೈಯಲ್ಲಿದ್ದ ಅಂಗಿಯ ಕಾಲರು ಮುಗಿಸಿ, ತೋಳು ಮುಗಿಸಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

“ಆ ಅರೆಗೆ ವಾರ್ನಿಶ್ ಮಾಡಿದ್ದು ನಾನು,” ಎಂದಳು. “ಹಾಳಾಗಬಾರದು ಅನ್ನಿಸ್ತು. ಬುದ್ಧಿ ಎಲ್ಲಿ ಹೋಗತ್ತೆ ನೋಡಿ.”

“ಅಜುರೈಟನ್ನ?”

“ಹುರಿದೆ. ದಪ್ಪ ತಳದ ಬಾಣಲೇಲಿ, ತುಂಬಾ ಹೊತ್ತು. ಚಟಪಟ ಅಂತಿತ್ತು, ಇವನಿಗೆಲ್ಲಿ ಎಚ್ಚರ ಆಗತ್ತೋ ಅಂತ ಭಯ ಆಯ್ತು. ಯಾವುದಕ್ಕೆ ಏನು ಆಗಲ್ಲ ಅಂತ ಅವನೇ ಬಂದವರಿಗೆಲ್ಲ ಹೇಳ್ತಾ ಕೂತಿರ್ತಾನಲ್ಲ. ಕೇಳಿ ಕೇಳಿ ನನಗೂ ಬಾಯಿಪಾಠ.”

ಅವಳ ಮುಖದಲ್ಲಿ ಪಶ್ಚಾತ್ತಾಪದ ನೆರಳೂ ಇರಲಿಲ್ಲ. ಕಟ್ಟಿದ ಗಂಟು ಬಿಚ್ಚಿದವಳ ನಿರಾಳ ಮಾತ್ರ ಇತ್ತು.

“ಗಂಡ ಹೋದ ಮೇಲೆ ನಿಮ್ಮನ್ನ ಮನೆಗೆ ಕರೆತಂದು ಸಾಕಿದ ತಮ್ಮ ಅಲ್ವಾ ಅಕ್ಕ?”

“ಸಾಕಿದ.” ಅಕ್ಕ ಅಂಗಿಗಳ ರಾಶಿಯನ್ನು ಪಕ್ಕಕ್ಕೆ ಸರಿಸಿದಳು. ಅದರಡಿಯಲ್ಲಿ ಚಾದರದ ಗಂಟೊಂದಿತ್ತು. “ಎಷ್ಟು ವರ್ಷ ಇವನ ಎಂಜಲು ತಟ್ಟೆ ತೊಳೆದು, ದೇವರಂಥ ತಮ್ಮ ಅಂತ ಹೇಳ್ಕೊಂಡು ತಿರುಗಿದೆ. ಇದನ್ನ ನೋಡೋವರೆಗೆ.”

ಗಂಟು ಬಿಚ್ಚಿದಳು. ಕಿಟಕಿಯ ಬಿಸಿಲು ಬಿದ್ದದ್ದೇ ತಡ, ಕೋಣೆಯ ಗೋಡೆಗೆಲ್ಲ ನೀಲಿ ಹನಿಗಳು ಚಿಮ್ಮಿದವು.

ದೊಡ್ಡ ನೀಲಿ.

ಎರಡು ಬೊಗಸೆ ತುಂಬುವಷ್ಟು ಕಲ್ಲು. ಕಂದು ಬಂಡೆಯ ಮೇಲೆ ನೀಲಿ ಹರಳುಗಳು ಹೂವಿನ ಹಾಗೆ ಅರಳಿ ನಿಂತಿದ್ದವು. ಉಡ ಎಷ್ಟು ದ್ವೇಷ ಹೊತ್ತು ಬಂದಿದ್ದರೂ ಒಂದು ಗಳಿಗೆ ಅದನ್ನು ಮರೆತು ಬಗ್ಗಿ ನೋಡಿದಳು.

“ನಂಬಿಕಸ್ತರ ಹತ್ತಿರ ಕೊಟ್ಟಿದ್ದೀನಿ ಅಂದಿದ್ರು,” ಎಂದಳು.

“ನಾನೇ ಆ ನಂಬಿಕಸ್ತೆ,” ಎಂದಳು ಅಕ್ಕ. ನಗಲಿಲ್ಲ. ಕಲ್ಲನ್ನು ಬೋರಲು ಹಾಕಿದಳು. “ಇಲ್ಲಿ ನೋಡಿ.”

ಬಂಡೆಯ ಬೆನ್ನ ಮೇಲೆ ಬಿಳಿಯ ಪಟ್ಟೆಯೊಂದರ ತುಂಡು. ಸುಣ್ಣ. ಅದರ ಕೊನೆಯಲ್ಲಿ ಒಂದು ಹೆಬ್ಬೆರಳಿನ ಗುರುತು, ಗೆರೆಗಳೂ ಕಾಣುವಷ್ಟು ಸ್ಪಷ್ಟ.

“ಸುರಂಗದೊಳಗೆ ಚಾವಣಿ ಬೀಳದ ಹಾಗೆ ಅಲ್ಲಲ್ಲಿ ಬಂಡೆಯ ಕಂಬ ಬಿಟ್ಟಿರ್ತಾರೆ. ಅದನ್ನ ಯಾರೂ ಕಡೀಬಾರದು ಅಂತ ಸುಣ್ಣದ ಪಟ್ಟೆ ಬಳೀತಾರೆ. ಬಳಿಯೋದು ನಮ್ಮನೆಯವರ ಕೆಲಸ. ಬಳಿದಾದ ಮೇಲೆ ಹೆಬ್ಬೆರಳು ಒತ್ತುತಿದ್ರು. ಇದು ನಾನು ಕಾವಲಿಟ್ಟ ಕಂಬ ಅಂತ.” ಅವಳು ತನ್ನ ಹೆಬ್ಬೆರಳನ್ನು ಆ ಗುರುತಿನ ಹತ್ತಿರ ತಂದಳು, ಮುಟ್ಟಲಿಲ್ಲ. “ಸುರಂಗ ಕುಸಿದು ಅವರು ಸತ್ತ ದಿನ ಬೆಳಗ್ಗೆ ಹೇಳಿ ಹೋಗಿದ್ರು. ಹೊಸ ಕಂಬಕ್ಕೆ ನಿನ್ನೆ ಪಟ್ಟೆ ಹಾಕಿದೆ, ಒಣಗಿದೆಯಾ ನೋಡಬೇಕು ಅಂತ.”

ಉಡಳಿಗೆ ಕಾಲಡಿ ನೆಲ ಗಟ್ಟಿಯಾದಂತಾಯಿತು. ಅಂದರೆ ಪಟ್ಟೆ ಬಳಿದ ಮಾರನೆಯ ದಿನವೇ, ಕುಸಿತದ ದಿನವೇ, ಕಂಬವನ್ನು ಕಡಿದಿದ್ದರು. ಅದರ ಹೊಟ್ಟೆಯಲ್ಲಿ ಈ ನೀಲಿ ಇದೆಯೆಂದು ಗೊತ್ತಾಗಿ, ಇದೊಂದು ಕಲ್ಲಿಗಾಗಿ. ಕಂಬ ಹೋಯಿತು, ಚಾವಣಿ ಕುಸಿಯಿತು. ಮದ್ದಿನ ತಪ್ಪಲ್ಲ. ಮೇಸ್ತ್ರಿಯ ತಪ್ಪಲ್ಲ.

“ಆಸಿಡ್ ತಂದಿಟ್ಟಿದ್ದೀನಿ,” ಎನ್ನುತ್ತಿದ್ದಳು ಅಕ್ಕ. “ಬಚ್ಚಲು ತೊಳೆಯೋದು. ಅವನು ಎದ್ದ ಮೇಲೆ ಅವನ ಮುಂದೇನೇ ಇದನ್ನ ಆಸಿಡ್ ಬಕೆಟ್ಟಿಗೆ ಹಾಕ್ತೀನಿ. ಅವನು ಕೈ ಹಾಕಿ ತೆಗೀಬೇಕು ಅಂದ್ರೆ ಕೈ ಸುಟ್ಕೋಬೇಕು. ತೆಗೀತಾನೆ ನೋಡಿ. ನಮ್ಮನೆಯವರನ್ನ ತೆಗೆಯೋಕೆ ಒಂದು ಗುದ್ದಲಿ ಹಾಕಿಸಲಿಲ್ಲ, ಇದನ್ನ ತೆಗೆಯೋಕೆ ಮೊಣಕೈವರೆಗೂ ಇಳಿಸ್ತಾನೆ.”

“ಬೇಡ ಅಕ್ಕ. ಇದು ಸಾಕ್ಷಿ. ಇದನ್ನ ನನಗೆ ಕೊಡಿ.”

“ನಿಮಗ್ಯಾಕೆ? ನೀವು ಅವನ ಕಡೆಯವರು.”

“ಆ ಸಿಡಿಮದ್ದಿನ ಮೇಸ್ತ್ರಿ ನಮ್ಮಪ್ಪ.”

ಅಕ್ಕ ಅವಳನ್ನು ನೋಡುತ್ತಲೇ ನಿಂತಳು. ಕಣ್ಣು, ಹಣೆ, ಗಲ್ಲ, ಒಂದೊಂದನ್ನೇ ಹುಡುಕಿ ಹುಡುಕಿ.

“ನಿಮ್ಮ ಮನೆ ಬಾಗಿಲಿಗೆ ಬಂದಿದ್ದೆ ನಾನು,” ಎಂದಳು ಕೊನೆಗೆ. “ನಿಮ್ಮಮ್ಮನ ಮುಖಕ್ಕೆ ಮಣ್ಣು ಎರಚಿದ್ದೆ.”

“ಗೊತ್ತು. ನಾನು ಬಾಗಿಲ ಹಿಂದೆ ಇದ್ದೆ.”

ಆ ಹೆಂಗಸಿನ ಮುಖವನ್ನು ಉಡ ಎಂದೋ ಮರೆತಿದ್ದಳು. ಆದರೆ ಅಮ್ಮ ಹಲ್ಲಿನ ಸಂದಿಯ ಮಣ್ಣನ್ನು ಉಗಿದು, ಒಳಗೆ ಬಂದು, ಏನೂ ಆಗದವಳಂತೆ ಅನ್ನಕ್ಕೆ ಇಟ್ಟದ್ದನ್ನು ಮರೆತಿರಲಿಲ್ಲ. ಸಿಟ್ಟು ಒಮ್ಮೆ ಈ ಕಡೆ ಹೊರಳಿತು. ಅದನ್ನು ಹಲ್ಲು ಕಚ್ಚಿ ಹಿಂದಕ್ಕೆ ತಳ್ಳಿದಳು. ಆ ಮಣ್ಣನ್ನು ಈ ಕೈಗೆ ತುಂಬಿ ಕೊಟ್ಟವನು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

“ತಪ್ಪಾಯ್ತು ಅಂದ್ರೆ ಮುಗಿಯಲ್ಲ ಕಣೇ,” ಎಂದಳು ಅಕ್ಕ. ಬಹುವಚನ ಎಲ್ಲೋ ಉದುರಿಹೋಗಿತ್ತು.

“ಬೇಡ. ಕಲ್ಲು ಕೊಡಿ ಸಾಕು. ಅವನ ಕೈ ಸುಟ್ರೆ ನಾಳೆ ವಾಸಿಯಾಗತ್ತೆ. ನನಗೆ ಅವನು ಎಲ್ಲರ ಮುಂದೆ ನಿಂತು, ನಾನು ಹೇಳಿದ್ದು ಸುಳ್ಳು ಅನ್ನಬೇಕು. ನಮ್ಮಪ್ಪನ ಹೆಸರು ಹೇಳಿ ಅನ್ನಬೇಕು. ಆಮೇಲೆ ಅವನು ಜೈಲಿನಲ್ಲಿ ಕೊಳೀತಾ ಇದ್ದಾಗ ನೀವು ಆಸಿಡ್ಡಿಗೆ ಹಾಕಿ, ನಾನೇ ಬಕೆಟ್ ಹಿಡ್ಕೋತೀನಿ.”

ಅಕ್ಕ ದೊಡ್ಡ ನೀಲಿಯನ್ನು ಎತ್ತಿ, ಕೂಸನ್ನು ಕೊಡುವ ಹಾಗೆ, ನೆಲದ ಮೇಲೆ ಕೂತ ಉಡಳ ಮಡಿಲಿಗೆ ಇಟ್ಟಳು. ಇನ್ನೊಂದು ಅಂಗಿ ಎಳೆದುಕೊಂಡು ಇಸ್ತ್ರಿಗೆ ತೊಡಗಿದಳು. ಕೈ ಸುಮ್ಮನಿರಲಾರದವಳು.

ಉಡ ಕಲ್ಲನ್ನು ಬಿಸಿಲಿಗೆ ಹಿಡಿದು ತಿರುಗಿಸಿದಳು. ಪಟ್ಟೆ. ಹೆಬ್ಬೆರಳು. ಬಂಡೆಯನ್ನು ಕಂಬದಿಂದ ಬಿಡಿಸಿದ ಅಂಚು. ಆ ಅಂಚಿನುದ್ದಕ್ಕೂ, ಸೀಳಿದ ಬಿದಿರಿನ ಒಳಮೈಯಂತೆ, ಸಪೂರವಾದ ಒಂದು ತೋಡು. ಕಲ್ಲು ಬಿಡಿಸಲು ಕೊರೆದ ತೂತಿನ ಅರ್ಧ ಭಾಗ ಇದರಲ್ಲೇ ಉಳಿದುಕೊಂಡಿತ್ತು.

ಸುಮ್ಮನೆ ಕಿರುಬೆರಳನ್ನು ಅದರಲ್ಲಿ ಇಟ್ಟಳು. ಸರಿಯಾಗಿ ಕೂತಿತು.

ಬೆರಳನ್ನು ತೆಗೆದು, ಮತ್ತೆ ಇಟ್ಟಳು.

ಗಣಿಯವರೆಲ್ಲ ದಪ್ಪ ಬೈರಿಗೆಯಿಂದ ಕೊರೆದು ಮದ್ದು ತುಂಬುತ್ತಿದ್ದರು. ಅಪ್ಪ ಮಾತ್ರ ತನಗೆಂದೇ ಕಿರುಬೆರಳಿನಷ್ಟು ಸಪೂರದ ಬೈರಿಗೆಯೊಂದನ್ನು ಕಾಸಿ ಬಡಿದು ಮಾಡಿಕೊಂಡಿದ್ದ. ಚಿಟಿಕೆ ಮದ್ದಿನಲ್ಲಿ ಬಂಡೆಯನ್ನು ರೊಟ್ಟಿ ಮುರಿದ ಹಾಗೆ ಮುರಿಯುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದ. ಹಿತ್ತಲಿನ ಕಲ್ಲಿನಲ್ಲಿ ಅವನು ಕೊರೆದ ತೂತುಗಳಲ್ಲಿ ಅವಳು ಬೆರಳಿಟ್ಟು ಆಡುತ್ತಿದ್ದಳು. ಬೈರಿಗೆಯ ಬಾಯಿ ಒಂದು ಕಡೆ ಮುಕ್ಕಾಗಿತ್ತು. ಹಾಗಾಗಿ ತೂತಿನ ಒಳಗೆ ಉದ್ದಕ್ಕೂ ಕೂದಲೆಳೆಯಂಥ ಒಂದು ಏಣು ಬೆರಳಿಗೆ ತಗಲುತ್ತಿತ್ತು.

ಈಗಲೂ ತಗಲಿತು.

“ಏನು ನೋಡ್ತಿದ್ದೀಯ?” ಎಂದಳು ಅಕ್ಕ.

ಉಡ ಬಾಯಿ ತೆರೆದಳು. ಗೊರಕೆ ನಿಂತು ಎಷ್ಟು ಹೊತ್ತಾಗಿತ್ತೋ, ಇಬ್ಬರೂ ಗಮನಿಸಿರಲಿಲ್ಲ.

“ಅದನ್ನ ಯಾಕೆ ಹೊರಗೆ ತೆಗೆದೆ ಅಕ್ಕ?”

ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ನಿದ್ದೆಗಣ್ಣು, ಕೆದರಿದ ಕೂದಲು.

“ಮೇಡಂ ನೋಡಬೇಕು ಅಂದ್ರು,” ಎಂದಳು ಅಕ್ಕ, ಇಸ್ತ್ರಿಯಿಂದ ಕಣ್ಣೆತ್ತದೆ.

ಅವನ ಮುಖ ಸಡಿಲವಾಯಿತು. ದೊಡ್ಡ ನೀಲಿಯನ್ನು ನೋಡಬೇಕು ಅಂದವರ ಮೇಲೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಸಾರ್,” ಎಂದಳು ಉಡ. “ಇದನ್ನ ತೆಗೆದ ಕೈ ಯಾರದು?”

“ಅಂಥ ಕೈ ಇನ್ನೊಂದಿಲ್ಲ ಬಿಡಿ. ನೋಡಿ, ಒಂದು ಹರಳಿನ ತುದಿ ಚಕ್ಕೆ ಎದ್ದಿದೆಯಾ? ಎಳೆಮಗುವನ್ನ ಎತ್ಕೊಂಡ ಹಾಗೆ ಎದೆಗೆ ಅವಚಿಕೊಂಡು ಹೊರಗೆ ಬಂದ. ಮೈಯೆಲ್ಲ ಧೂಳು, ಕಣ್ಣು ಎರಡು ಮಾತ್ರ ಕಾಣ್ತಿದ್ವು.”

“ಹೊರಗೆ ಬಂದನಾ?” ಎಂದಳು ಅಕ್ಕ.

“ಮತ್ತೆ? ಕಲ್ಲೇ ಕಾಲು ಬಂದು ನಡ್ಕೊಂಡು ಬರತ್ತಾ?”

“ಆ ದಿನ ಒಳಗೆ ಹೋದವರು ಒಬ್ಬರೂ ಬರಲಿಲ್ಲ ಅಂತ ನೀನೇ ನನ್ನ ಕೈ ಹಿಡಿದು ಹೇಳಿದ್ದೆ.”

ಮ್ಯಾನೇಜರನ ನಗು ಅಲ್ಲೇ ಆರಿತು. ಅವನು ಮೆಲ್ಲಗೆ ಎದ್ದು ನಿಂತ. “ಯಾವ ದಿನ? ಇದನ್ನ ಯಾವ ದಿನ ತೆಗೆದದ್ದು ಅಂತ ನಿನಗೆ ಯಾರು ಹೇಳಿದ್ರು ಅಕ್ಕ?”

ಉಡಳ ಕಿರುಬೆರಳು ಇನ್ನೂ ಆ ತೋಡಿನಲ್ಲೇ ಇತ್ತು. ಅಮ್ಮ ಸಾಯುವವರೆಗೂ ಕುಂಕುಮವಿಲ್ಲದ ಹಣೆ ಹೊತ್ತು, ಬೀದಿಯ ನೀರಿನ ಸರದಿಯಲ್ಲಿ ಕೊನೆಗೆ ನಿಂತು, ಇವಳಪ್ಪ ಅಂಥವರಲ್ಲ ಎಂದು ಗೋಡೆಗೆ ಹೇಳುತ್ತ ಕೂತದ್ದು ಕಣ್ಮುಂದೆ ಬಂತು. ಅಂಥವನಿಗಾಗಿ. ಇದನ್ನು ಎದೆಗವಚಿಕೊಂಡು, ಉಳಿದವರನ್ನು ಮಣ್ಣಿನಡಿ ಬಿಟ್ಟು, ಬೆಳಕಿಗೆ ನಡೆದುಬಂದವನಿಗಾಗಿ.

“ಅವನು ಎಲ್ಲಿದ್ದಾನೆ?” ಎಂದಳು ಅಕ್ಕ. “ಬದುಕಿದ್ದಾನಾ?”

ಮ್ಯಾನೇಜರ್ ಅಕ್ಕನನ್ನು ನೋಡಿದ. ಆಮೇಲೆ ಉಡಳನ್ನು. ನಿದ್ದೆ ಪೂರ್ತಿ ಹರಿದಿತ್ತು. ಗಣಿ ಆಳಿದ ಕಾಲದ ಕಣ್ಣು ಮತ್ತೆ ಬಂದು ಕೂತಿತ್ತು.

“ಬದುಕಿದ್ದಾನೆ. ಮೊನ್ನೆ ಮೊನ್ನೆ ಫೋನ್ ಕೂಡ ಮಾಡಿದ್ದ,” ಎಂದ. “ಎಲ್ಲಿ ಅಂತ ಹೇಳ್ತೀನಿ. ಅಕ್ಕನಿಗಲ್ಲ, ನಿಮಗೆ. ನಿಮ್ಮ ಮುಖ ನೋಡಿದ್ರೆ ಅವನು ನಿಮಗೇ ಹೆಚ್ಚು ಬೇಕಾದ ಹಾಗಿದೆ. ಆದ್ರೆ ಮೊದಲು ನೀವು ಬಂದ ಕೆಲಸ ಮುಗಿಸಿ ಮೇಡಂ. ನನ್ನ ಕಲ್ಲುಗಳನ್ನ ಕೊಂದವರು ಯಾರು?”

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆಯೇ ನಿಂತುಬಿಟ್ಟಿತ್ತು. ಬಟ್ಟೆ ಸುಡುವ ವಾಸನೆ ಎದ್ದಿತು. ಅಕ್ಕ ಅದನ್ನು ಎತ್ತಲಿಲ್ಲ. ಉಡಳ ಮುಖವನ್ನೇ ನೋಡುತ್ತಿದ್ದಳು. ಬೇಡ ಎಂದು ಕೇಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಉಡ ದೊಡ್ಡ ನೀಲಿಯನ್ನು ಚಾದರದ ಮೇಲಿಟ್ಟು ಎದ್ದಳು.

“ಬಾಗಿಲು ಹಾಕಿ ಬನ್ನಿ ಸಾರ್,” ಎಂದಳು. “ಯಾರು ಅಂತ ಹೇಳ್ತೀನಿ.”